ನೆಲಮಾಳಿಗೆ, ಗ್ಯಾರೇಜುಗಳಿಗೆ ಕಾಂಕ್ರೀಟು ನೆಲ: ಮೊದಲು ನೀರಿಗೆ ದಾರಿ

ಮಂಗಳೂರು ನಗರದ ಅನೇಕ ಮನೆಗಳಿಗೆ ನೆಲಮಾಳಿಗೆಯು ಭೂಮಿಯ ಇಳಿಜಾರಿನಿಂದಲೇ ದೊರೆತಿದೆ. ಗುಡ್ಡದ ಪಕ್ಕವನ್ನು ಕಡಿದು ಮನೆ ಕಟ್ಟುವಾಗ ರಸ್ತೆಯ ಕಡೆಗೆ ಒಂದು ಅಂತಸ್ತು ಹೆಚ್ಚಾಗಿ ಸಿಗುತ್ತದೆ. ಇದರ ಹಿಂಬದಿಯ ಗೋಡೆ ಮಣ್ಣಿಗೆ ಆನಿಕೊಂಡಿರುತ್ತದೆ. ಮುಂಬದಿಯಲ್ಲಿ ಬಾಗಿಲು ಇರುತ್ತದೆ. ಈ ಜಾಗದಲ್ಲಿ ಕಾರು ನಿಲ್ಲುತ್ತದೆ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆಗಳಲ್ಲಿ ತೋಟವಿದ್ದು ನಗರದಲ್ಲಿ ಮನೆ ಮಾಡಿರುವ ಬೇಸಾಯಗಾರರು ಇಲ್ಲಿಯೇ ಚಾಲಿ ಅಡಿಕೆಯ ಗೋಣಿ, ತೆಂಗಿನಕಾಯಿ, ಅಕ್ಕಿಮುಡಿ, ಗೊಬ್ಬರದ ಚೀಲ ಮತ್ತು ಸಿಂಪರಣಾ ಯಂತ್ರಗಳನ್ನೂ ಇಡುತ್ತಾರೆ.

ಸುಮಾರು 40 ರಿಂದ 45 ದಿನ ಬಿಸಿಲಿನಲ್ಲಿ ಒಣಗಿಸಿ, ಸುಲಿಸಿದ ಅಡಿಕೆಯನ್ನು ಒಳ್ಳೆಯ ಧಾರಣೆಗಾಗಿ ಮಳೆಗಾಲ ದಾಟುವವರೆಗೆ ಕಾಯ್ದಿಡುವುದು ನಮ್ಮ ಜಿಲ್ಲೆಯ ಬೆಳೆಗಾರರ ರೂಢಿ. ಹಳೆಯ ಚಾಲಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ದೊರೆಯುವುದೇ ಇದಕ್ಕೆ ಕಾರಣ. ಆದರೆ ಕಾಯ್ದಿಟ್ಟ ಗೋಣಿಯ ತಳಕ್ಕೆ ನೆಲದ ತೇವ ಏರಿ ಬೂಸ್ಟು ಹಿಡಿಯಿತೆಂದರೆ, ಕಾದುದರ ಲಾಭವೂ ಹೋಯಿತು, ವರ್ಷದ ದುಡಿಮೆಯ ಒಂದು ಪಾಲೂ ಹೋಯಿತು. ಒಳ್ಳೆಯ ನೆಲವೆಂದರೆ ಕಾಣಲು ನುಣುಪಾದ ನೆಲವಲ್ಲ. ಜುಲೈ ತಿಂಗಳಿನಲ್ಲಿಯೂ ಒಣಗಿರುವ ನೆಲ. ಅಂತಹ ನೆಲವನ್ನು ಪಡೆಯುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನೀರು ಬರುವ ಮೂರು ದಾರಿಗಳು

ಮಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಈ ನೀರು ನೆಲಮಾಳಿಗೆಯನ್ನು ಮೂರು ದಾರಿಗಳಲ್ಲಿ ಸೇರುತ್ತದೆ.

1. ಒತ್ತಡದಿಂದ ನುಗ್ಗುವ ನೀರು: ಗುಡ್ಡದ ಮಣ್ಣಿನಲ್ಲಿ ಇಂಗಿದ ನೀರು ಇಳಿಜಾರಿನ ಕಡೆಗೆ ಹರಿದು, ಹಿಂಬದಿಯ ಗೋಡೆಗೂ ನೆಲದ ತಳಕ್ಕೂ ಒತ್ತುತ್ತದೆ.

2. ಬತ್ತಿಯಂತೆ ಏರುವ ನೀರು: ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ, ನುಣ್ಣನೆಯ ಮಣ್ಣು ಕೆಳಗಿನ ತೇವವನ್ನು ಮೇಲಕ್ಕೆ ಸೆಳೆಯುತ್ತದೆ. ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳೂ ಇದೇ ಕೆಲಸ ಮಾಡುತ್ತವೆ.

3. ಗಾಳಿಯಿಂದ ಬರುವ ನೀರು: ಮಳೆ ಹಿಡಿಯುವ ದಿನಗಳ ತೇವಭರಿತ ಬಿಸಿ ಗಾಳಿ ತಣ್ಣನೆಯ ನೆಲಕ್ಕೆ ತಗುಲಿದಾಗ ಅಲ್ಲಿಯೇ ಹನಿಗಟ್ಟುತ್ತದೆ. ನೆಲ ಬೆವರುತ್ತದೆ ಎಂದು ಜನ ಹೇಳುವುದು ಇದನ್ನೇ.

ಮೂರಕ್ಕೂ ಒಂದೇ ಮದ್ದಿಲ್ಲ. ಮೊದಲನೆಯದಕ್ಕೆ ಬಸಿಗಾಲುವೆ, ಎರಡನೆಯದಕ್ಕೆ ದಪ್ಪ ಜಲ್ಲಿ ಮತ್ತು ಪ್ಲಾಸ್ಟಿಕ್ ಹಾಳೆ, ಮೂರನೆಯದಕ್ಕೆ ಗಾಳಿಯಾಟದ ಹತೋಟಿ ಬೇಕು. ಇವನ್ನು ಬಿಟ್ಟು ಸಿಮೆಂಟಿನ ಪ್ರಮಾಣ ಹೆಚ್ಚಿಸಿದರೆ ಹಣ ಖರ್ಚಾಗುವುದೇ ಹೊರತು ತೇವ ನಿಲ್ಲದು.

ನಿವೇಶನ ಬೆಟ್ಟೋ, ಮಜಲೋ, ಬೈಲೋ?

ತುಳುನಾಡಿನ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದರು. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ. ನಡುವಿನ ಮಜಲಿನಲ್ಲಿ ಏಣೆಲಿನ ನಂತರ ಸುಗ್ಗಿ. ತಗ್ಗಿನ ಬೈಲಿನಲ್ಲಿ ನೀರಿನ ಅನುಕೂಲವಿದ್ದರೆ ಮೂರನೆಯ ಬೆಳೆಯಾದ ಕೊಳಕೆಯೂ ಸಾಧ್ಯ. ಮಣ್ಣಿನಲ್ಲಿ ನೀರು ಎಷ್ಟು ಕಾಲ ಎಷ್ಟು ಮೇಲೆ ನಿಲ್ಲುತ್ತದೆ ಎಂಬುದೇ ಈ ವಿಂಗಡಣೆಯ ಆಧಾರ. ಮನೆ ಕಟ್ಟುವವರಿಗೂ ತಿಳಿಯಬೇಕಾದುದು ಇದೇ. ಗದ್ದೆ ನಿವೇಶನವಾದರೂ ನೀರು ತನ್ನ ಮಟ್ಟವನ್ನು ಮರೆಯುವುದಿಲ್ಲ.

ಬೆಟ್ಟು ಅಥವಾ ಪದವಿನ ನಿವೇಶನ: ಮುರಕಲ್ಲಿನ ಗಟ್ಟಿ ನೆಲ. ಮೇಲಿನ ನೀರನ್ನು ಸರಿಯಾಗಿ ಹೊರಗೆ ಸಾಗಿಸಿದರೆ ನೆಲಮಾಳಿಗೆಗೆ ತೊಂದರೆ ಕಡಿಮೆ.

ಮಜಲು ಅಥವಾ ಇಳಿಜಾರಿನ ನಿವೇಶನ: ಹಿಂಬದಿಯಿಂದ ಒಸರು ಬರುವುದು ಖಚಿತವೆಂದು ತಿಳಿದೇ ಯೋಜನೆ ಹಾಕತಕ್ಕದ್ದು. ಇಳಿಜಾರು ಇರುವುದರಿಂದ ನೀರನ್ನು ಪಂಪಿಲ್ಲದೆ ಹೊರಗೆ ಹರಿಸಬಹುದು.

ಬೈಲಿನ ನಿವೇಶನ: ಗದ್ದೆಗೆ ಮಣ್ಣು ತುಂಬಿಸಿ ಮಾಡಿದ್ದು. ಮಳೆಗಾಲದಲ್ಲಿ ಅಂತರ್ಜಲ ಮೇಲ್ಮೈಗೆ ತೀರ ಹತ್ತಿರ ಬರುತ್ತದೆ. ನೀರು ಹರಿದುಹೋಗಲು ಇದಕ್ಕಿಂತ ತಗ್ಗಿನ ಜಾಗವೇ ಇರುವುದಿಲ್ಲ. ಇಲ್ಲಿ ನೆಲಮಾಳಿಗೆಯನ್ನು ತೋಡದಿರುವುದೇ ಸರಿಯಾದ ಸಲಹೆ. ಗ್ಯಾರೇಜಿನ ನೆಲವನ್ನೂ ರಸ್ತೆಯ ಮಟ್ಟಕ್ಕಿಂತ ಎತ್ತರದಲ್ಲಿಡಬೇಕು.

2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಭಾರಿ ಮಳೆಗೆ ಕೊಟ್ಟಾರ ಚೌಕಿಯೂ ಸೇರಿದಂತೆ ನಗರದ ತಗ್ಗು ಪ್ರದೇಶಗಳು ಜಲಾವೃತವಾದವು. ಅಂತಹ ದಿನ ರಸ್ತೆಯಿಂದ ಒಳಗೆ ಇಳಿದು ಬರುವ ನೀರನ್ನು ಯಾವ ಕಾಂಕ್ರೀಟೂ ತಡೆಯಲಾರದು. ಬಾಗಿಲ ಬಳಿಯ ಎತ್ತರದ ಹೊಸ್ತಿಲು ಮತ್ತು ಅದರ ಹೊರಗೆ ಜಾಲರಿ ಮುಚ್ಚಿದ ಅಡ್ಡ ಚರಂಡಿ ಮಾತ್ರ ಸ್ವಲ್ಪ ಮಟ್ಟಿಗೆ ರಕ್ಷಣೆ ನೀಡಬಲ್ಲವು.

ನಿಮ್ಮ ನಿವೇಶನ ಯಾವ ಬಗೆಯದು ಎಂದು ತಿಳಿಯುವ ಸುಲಭ ಉಪಾಯವೊಂದಿದೆ. ಜುಲೈ ಕೊನೆಯಲ್ಲಿ ನಿಮ್ಮ ಅಥವಾ ನೆರೆಮನೆಯ ಬಾವಿಗೆ ಹಗ್ಗ ಇಳಿಸಿ, ನೆಲದಿಂದ ನೀರಿನವರೆಗಿನ ಆಳವನ್ನು ಅಳೆಯಿರಿ. ಬಾವಿಯ ದಂಡೆಗೂ ನೀವು ಹಾಕಲಿರುವ ಕೆಳನೆಲಕ್ಕೂ ಇರುವ ಎತ್ತರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಬಾವಿಯ ನೀರಿನ ಮಟ್ಟ ಕೆಳನೆಲಕ್ಕಿಂತ ಮೇಲಿದ್ದರೆ ನೀರು ನಿಮ್ಮ ಮನೆಗೆ ಬರಲು ಕಾಯುತ್ತಿದೆ ಎಂದೇ ತಿಳಿಯಿರಿ.

ಮುರಕಲ್ಲು ಮತ್ತು ಶೇಡಿ ಮಣ್ಣು

ನಮ್ಮ ಗುಡ್ಡಗಳ ಮೇಲ್ಪದರ ಮುರಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಗುಣ. ಇದರಲ್ಲಿ ತೂತುಗಳು ಹೆಚ್ಚು. ನೀರು ಸುಲಭವಾಗಿ ಹಾಯುತ್ತದೆ. ಇದರ ಕೆಳಗೆ ಅನೇಕ ಕಡೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ನುಣುಪು ಮಣ್ಣು ಸಿಗುತ್ತದೆ. ಇದೇ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುವ ಈ ಮಣ್ಣು ನೀರು ಕುಡಿದಾಗ ತನ್ನ ಬಲವನ್ನು ಬಹಳವಾಗಿ ಕಳೆದುಕೊಳ್ಳುತ್ತದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ಮಣ್ಣಿನ ಮೇಲೆ ಅಧ್ಯಯನಗಳು ನಡೆದಿವೆ.

ಆದ್ದರಿಂದ ಅಗೆದ ಶೇಡಿ ಮಣ್ಣನ್ನು ನೆಲದಡಿಗೆ ತುಂಬಿಸಲೇಬಾರದು. ಗುಡ್ಡ ಕಡಿದಾಗ ಹಿಂಬದಿಯ ದರೆಯಲ್ಲಿ ಶೇಡಿ ಕಂಡುಬಂದರೆ, ನೆಲದ ಮಾತಿಗಿಂತ ಮೊದಲು ದರೆಯ ಭದ್ರತೆಗಾಗಿ ಅರ್ಹ ಎಂಜಿನಿಯರರ ಸಲಹೆ ಪಡೆಯುವುದು ಅವಶ್ಯಕ. ಇದು ಜೀವದ ಪ್ರಶ್ನೆ. ಮುರಕಲ್ಲಿನ ಪದರದಲ್ಲಿ ಇಳಿದ ನೀರು ಶೇಡಿಯ ಮೇಲೆ ನಿಂತು ಅಡ್ಡಲಾಗಿ ಹರಿಯುವುದರಿಂದ, ಇವೆರಡೂ ಕೂಡುವ ಗೆರೆಯಲ್ಲಿಯೇ ಒಸರು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ನೀರನ್ನು ತಡೆಯುವುದಲ್ಲ, ಸಾಗಿಸುವುದು

ಒಂದು ಚಿಕ್ಕ ಲೆಕ್ಕ ನೋಡೋಣ. ಒಂದು ಘನ ಮೀಟರ್ ಕಾಂಕ್ರೀಟಿನ ತೂಕ ಸುಮಾರು 2,400 ಕಿ.ಗ್ರಾಂ. ಹಾಗಾದರೆ 10 ಸೆಂ.ಮೀ. ದಪ್ಪದ ನೆಲವು ಪ್ರತಿ ಚದರ ಮೀಟರಿಗೆ 240 ಕಿ.ಗ್ರಾಂ. ತೂಗುತ್ತದೆ. ಕೆಳಗಿನ ನೀರಿನ ಮಟ್ಟ ಈ ನೆಲದ ತಳಕ್ಕಿಂತ ಕೇವಲ 24 ಸೆಂ.ಮೀ. ಮೇಲೇರಿದರೂ ಅದು ಅಷ್ಟೇ ಬಲದಿಂದ ನೆಲವನ್ನು ಮೇಲಕ್ಕೆ ಎತ್ತುತ್ತದೆ. ದಪ್ಪವನ್ನು 15 ಸೆಂ.ಮೀ.ಗೆ ಏರಿಸಿದರೆ ನೀರು 36 ಸೆಂ.ಮೀ. ಏರಿದಾಗ ಅದೇ ಸ್ಥಿತಿ. ಒಂದು ಮಳೆಗಾಲದಲ್ಲಿ ನೀರು ಇದಕ್ಕಿಂತ ಎಷ್ಟೋ ಹೆಚ್ಚು ಏರಬಲ್ಲದು. ತೂಕದಿಂದ ನೀರನ್ನು ಅದುಮಿಡುವುದು ಸಾಮಾನ್ಯ ಮನೆಯ ನೆಲಕ್ಕೆ ಸಾಧ್ಯವಿಲ್ಲ. ಅದಕ್ಕೆ ದಾರಿ ಬಿಡುವುದೇ ಉಪಾಯ.

ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೆಗೆದು ಬೇರಿನ ಬುಡದಿಂದ ನೀರನ್ನು ಇಳಿಸುವುದು ಎಲ್ಲರಿಗೂ ತಿಳಿದಿದೆ. ಮನೆಗೂ ಅದೇ ನಿಯಮ.

• ಹಿಂಬದಿಯ ಗೋಡೆಯ ಹೊರಗೆ, ಒಳನೆಲದ ತಳಕ್ಕಿಂತ ಕೆಳಮಟ್ಟದಲ್ಲಿ ಕಾಲುವೆ ತೋಡಿ, ತೂತುಗಳಿರುವ 110 ಮಿ.ಮೀ. ಪಿ.ವಿ.ಸಿ. ಕೊಳವೆಯನ್ನು 100 ಸೆಂ.ಮೀ.ಗೆ 1 ಸೆಂ.ಮೀ. ಇಳಿಜಾರಿನಲ್ಲಿ ಹಾಕಬೇಕು. ಸುತ್ತಲೂ 20 ರಿಂದ 40 ಮಿ.ಮೀ. ಜಲ್ಲಿ ತುಂಬಿ, ಮಣ್ಣು ಸೇರದಂತೆ ಜಲ್ಲಿಗೆ ಸೋಸುಬಟ್ಟೆ ಸುತ್ತಬೇಕು.

• ಗೋಡೆಯ ಅಡಿಪಾಯದ ತಳಕ್ಕಿಂತ ಕೆಳಗೆ ಅಗೆಯಬಾರದು. ಉದ್ದಕ್ಕೂ ಒಮ್ಮೆಲೇ ಅಗೆಯದೆ, ಬೇಸಿಗೆಯಲ್ಲಿ ತುಂಡು ತುಂಡಾಗಿ ಕೆಲಸ ಮುಗಿಸಬೇಕು.

• ಕೊಳವೆಯ ಬಾಯಿ ಮುಂಬದಿಯ ಮಳೆನೀರು ಚರಂಡಿಗೆ ತೆರೆಯಬೇಕು, ಒಳಚರಂಡಿಗೆ ಅಲ್ಲ.

• 100 ಚದರ ಮೀಟರ್ ಛಾವಣಿಯ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರು ಇಳಿಯುತ್ತದೆ. ಜುಲೈನಲ್ಲಿ ಅಂತಹ ದಿನ ನಮ್ಮಲ್ಲಿ ಅಪರೂಪವಲ್ಲ. ಈ ನೀರು ಹಿಂಬದಿಯ ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಮತ್ತು ಕೊಳವೆಯ ಮೂಲಕ ಮುಂದಕ್ಕೆ ತರಬೇಕು.

• ಮಳೆನೀರಿನ ಇಂಗುಗುಂಡಿ ಒಳ್ಳೆಯದೇ. ಆದರೆ ಅದು ನೆಲಮಾಳಿಗೆಯ ಮೇಲ್ಭಾಗದಲ್ಲಿ, ಗುಡ್ಡದ ಕಡೆಗೆ ಇರಕೂಡದು. ಮನೆಯ ತಗ್ಗಿನ ಕಡೆಗೆ, ಗೋಡೆಯಿಂದ ದೂರದಲ್ಲಿ ಮಾಡಿಸಿರಿ.

ನೆಲದ ಪದರಗಳು

ತಳದಿಂದ ಮೇಲಕ್ಕೆ ಪದರಗಳು ಹೀಗಿರಬೇಕು.

ಮೊದಲನೆಯದು, ಗಟ್ಟಿ ಮಣ್ಣು. ಬೇರು, ಕಸ, ಮೆತ್ತನೆಯ ಮಣ್ಣನ್ನು ತೆಗೆದುಹಾಕಿ. ತುಂಬಿಸಬೇಕಾದಲ್ಲಿ ಗರಸು ಕೂಡಿದ ಕೆಂಪು ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ಹಾಕಿ, ಹದವಾಗಿ ನೀರು ಚಿಮುಕಿಸಿ, ದಮ್ಮಸ್ಸು ಮಾಡಿ. ಒಮ್ಮೆಗೇ ಒಂದು ಮೀಟರ್ ತುಂಬಿಸಿ ಮೇಲೆ ಮಾತ್ರ ಕುಟ್ಟಿದರೆ ಮುಂದಿನ ಮಳೆಗೆ ನೆಲ ಕುಸಿಯುತ್ತದೆ. ಗೆದ್ದಲಿನ ಔಷಧಿಯನ್ನು ಈ ಹಂತದಲ್ಲಿಯೇ ಪರವಾನಗಿ ಇರುವವರಿಂದ ಹಾಕಿಸಬೇಕು. ಹತ್ತಿರದಲ್ಲಿ ಬಾವಿ ಇದ್ದರೆ ಅದನ್ನು ಅವರಿಗೆ ಮೊದಲೇ ತಿಳಿಸಬೇಕು.

ಎರಡನೆಯದು, 15 ಸೆಂ.ಮೀ. ದಪ್ಪ ಜಲ್ಲಿ. ಇದು 20 ರಿಂದ 40 ಮಿ.ಮೀ. ಗಾತ್ರದ್ದಾಗಿದ್ದು, ಪುಡಿ ಇಲ್ಲದ್ದಾಗಿರಬೇಕು. ಬೇಸಿಗೆಯಲ್ಲಿ ಮೇಲ್ಮಣ್ಣನ್ನು ಸಡಿಲಿಸಿದರೆ ಕೆಳಗಿನ ತೇವ ಮೇಲೆ ಬಂದು ಆರಿಹೋಗುವುದು ಕಡಿಮೆಯಾಗುತ್ತದೆ; ಮಣ್ಣಿನ ಸೂಕ್ಷ್ಮ ಕೊಳವೆಗಳು ಕಡಿದುಹೋಗುವುದೇ ಇದಕ್ಕೆ ಕಾರಣ. ಜಲ್ಲಿಯ ಪದರವೂ ಹಾಗೆಯೇ ಬತ್ತಿಯನ್ನು ಕಡಿಯುತ್ತದೆ. ಪುಡಿ ಸೇರಿದ ಜಲ್ಲಿ ಹಾಕಿದರೆ ಈ ಪ್ರಯೋಜನ ದೊರೆಯದು. ಈ ಪದರದಲ್ಲಿ ಸೇರುವ ನೀರು ಹೊರಗಿನ ಬಸಿಗಾಲುವೆಗೆ ಹರಿಯಲು ಒಂದೆರಡು ಕೊಳವೆಗಳ ಸಂಪರ್ಕ ಕೊಡಬೇಕು.

ಮೂರನೆಯದು, 7.5 ಸೆಂ.ಮೀ. ದಪ್ಪದ 1:4:8 ಬಡ ಕಾಂಕ್ರೀಟು. ಇದು ಮೇಲಿನ ಹಾಳೆಗೆ ಸಮತಟ್ಟಾದ ಹಾಸು.

ನಾಲ್ಕನೆಯದು, 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಎರಡು ಹಾಳೆಗಳು ಕೂಡುವಲ್ಲಿ 20 ಸೆಂ.ಮೀ. ಒಂದರ ಮೇಲೊಂದು ಬರಬೇಕು; ಆ ಅಂಚನ್ನು ಟೇಪಿನಿಂದ ಅಂಟಿಸಬೇಕು. ಗೋಡೆಯ ಬಳಿ ಹಾಳೆಯನ್ನು ಸಿದ್ಧನೆಲದ ಮಟ್ಟದವರೆಗೆ ಮೇಲಕ್ಕೆ ಮಡಿಸಬೇಕು. ಕೆಲಸಗಾರರ ಕಾಲಿಗೆ, ಸಲಕೆಗೆ ಸಿಕ್ಕಿ ತೂತಾದರೆ ಕೂಡಲೇ ತೇಪೆ ಹಾಕಿಸಿ.

ಐದನೆಯದು, ಮೇಲಿನ ಕಾಂಕ್ರೀಟು. ಕಾರಿಗೆ 10 ಸೆಂ.ಮೀ. ಸಾಕು. ಹೇರು ತುಂಬಿದ ಪಿಕಪ್ ಬರುವುದಾದರೆ 15 ಸೆಂ.ಮೀ. ಇರಲಿ.

ಇಷ್ಟೂ ಸೇರಿ 32 ರಿಂದ 38 ಸೆಂ.ಮೀ. ಆಗುವುದರಿಂದ, ಬಾಗಿಲಿನ ಎತ್ತರವನ್ನು ಮೊದಲೇ ಲೆಕ್ಕ ಹಾಕಿ ಆಳ ನಿರ್ಧರಿಸಬೇಕು.

ಮಿಶ್ರಣ ಮತ್ತು ಪ್ರಮಾಣ

ಮೇಲಿನ ಕಾಂಕ್ರೀಟಿಗೆ ಸಿಮೆಂಟು, ಹೊಯಿಗೆ, 20 ಮಿ.ಮೀ. ಜಲ್ಲಿ 1:1½:3 ಪ್ರಮಾಣದಲ್ಲಿರಲಿ. 3 ಮೀಟರ್ ಅಗಲ, 6 ಮೀಟರ್ ಉದ್ದ, 10 ಸೆಂ.ಮೀ. ದಪ್ಪದ ಗ್ಯಾರೇಜಿಗೆ 1.8 ಘನ ಮೀಟರ್ ಕಾಂಕ್ರೀಟು ಬೇಕು. ಇದಕ್ಕೆ ಬೇಕಾಗುವ ಸಾಮಗ್ರಿ:

ಸಿಮೆಂಟು: 50 ಕಿ.ಗ್ರಾಂ.ನ 15 ಚೀಲ
ಹೊಯಿಗೆ: ಸುಮಾರು 0.76 ಘನ ಮೀಟರ್ (27 ಘನ ಅಡಿ)
ಜಲ್ಲಿ: ಸುಮಾರು 1.5 ಘನ ಮೀಟರ್ (54 ಘನ ಅಡಿ)
ನೀರು: ಚೀಲಕ್ಕೆ 25 ಲೀಟರಿಗೆ ಮೀರದಂತೆ

ಯಂತ್ರವಿಲ್ಲದೆ ಕೈಯಿಂದ ಕಲಸುವುದಾದರೆ ಸಿಮೆಂಟನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಬೇಕು.

ಹೊಯಿಗೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕಡಲ ತಡಿಯ ಹೊಯಿಗೆಯಾಗಲಿ, ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಸಮುದ್ರ ಸೇರುವ ಅಳಿವೆಯ ಹೊಯಿಗೆಯಾಗಲಿ ಉಪ್ಪಿನಿಂದ ಕೂಡಿರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ನೆಲದ ಮೇಲೆ ಬಿಳಿ ಹುಡಿಯಾಗಿ ಏಳುತ್ತದೆ, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಸಿಹಿನೀರಿನ ಹೊಯಿಗೆ ಅಥವಾ ಕಲ್ಲು ಅರೆದು ತಯಾರಿಸಿದ ಎಂ-ಸ್ಯಾಂಡ್ ಬಳಸಿರಿ. ಕಲಸುವ ನೀರೂ ಉಪ್ಪುನೀರಾಗಿರಬಾರದು.

ನೀರಿನ ಅಳತೆಯೇ ನೆಲದ ಆಯುಷ್ಯ. ಸಿಮೆಂಟು ಗಟ್ಟಿಯಾಗಲು ಬೇಕಾಗುವ ನೀರು ಸ್ವಲ್ಪವೇ. ಉಳಿದದ್ದು ಆರಿಹೋಗಿ, ಇದ್ದ ಜಾಗದಲ್ಲಿ ರಂಧ್ರಗಳನ್ನು ಬಿಡುತ್ತದೆ. ಅದೇ ರಂಧ್ರಗಳಲ್ಲಿ ಮುಂದೆ ತೇವ ಏರುತ್ತದೆ. ತೆಳುವಾಗಿದ್ದರೆ ಎಳೆಯಲು ಸುಲಭವೆಂದು ಕೊಡದಿಂದ ನೀರು ಸುರಿಯುವುದನ್ನು ಬಿಡಿಸಿ, ಅಳತೆಯ ಬಕೆಟ್ಟಿನಲ್ಲಿಯೇ ಹಾಕಿಸಿರಿ. ಹೊಯಿಗೆ ಒದ್ದೆಯಾಗಿದ್ದರೆ ಅದರಲ್ಲಿರುವ ನೀರನ್ನೂ ಲೆಕ್ಕದಿಂದ ಕಳೆಯಬೇಕು.

ಹಾಕುವ ಕ್ರಮ

ನವೆಂಬರ್‌ನಿಂದ ಜನವರಿವರೆಗಿನ ಅವಧಿ ಈ ಕೆಲಸಕ್ಕೆ ಉತ್ತಮ. ಮಳೆ ನಿಂತಿರುತ್ತದೆ, ಬಾವಿಯಲ್ಲಿ ನೀರಿರುತ್ತದೆ, ಸುಡುವ ಬಿಸಿಲು ಇನ್ನೂ ಬಂದಿರುವುದಿಲ್ಲ.

ಕಾಂಕ್ರೀಟು ಆರುವಾಗ ಕುಗ್ಗುತ್ತದೆ. ಆದುದರಿಂದ ಬಿರುಕು ಸಹಜ. ಅದು ನಾವು ಹೇಳಿದ ಜಾಗದಲ್ಲಿ ಬರುವಂತೆ ಮಾಡುವುದೇ ಜಾಣತನ. 10 ಸೆಂ.ಮೀ. ದಪ್ಪದ ನೆಲಕ್ಕೆ ಹೆಚ್ಚೆಂದರೆ 3 ಮೀಟರಿಗೊಂದು ಸಂದು ಬೇಕು. ಮೇಲಿನ ಗ್ಯಾರೇಜಿಗಾದರೆ ನಡುವೆ ಒಂದು ಸಂದು ಬಿಟ್ಟು 3 ಮೀಟರ್ ಚೌಕದ ಎರಡು ಭಾಗ ಮಾಡಿದರೆ ಸಾಕು. ಸಂದನ್ನು ಗೀರಿನಿಂದ ಮಾಡುವುದಾದರೆ ಅದರ ಆಳ ದಪ್ಪದ ಕಾಲುಭಾಗ ಇರಬೇಕು. ಯಂತ್ರದಿಂದ ಕೊಯ್ಯುವುದನ್ನು ಒಂದು ದಿನದೊಳಗೆ ಮುಗಿಸಬೇಕು. ಗೋಡೆ ಮತ್ತು ಕಂಬಗಳ ಸುತ್ತ 12 ಮಿ.ಮೀ. ಮೆತ್ತನೆಯ ಹಲಗೆ ಇಟ್ಟು ನೆಲವನ್ನು ಅವುಗಳಿಂದ ಬೇರೆಯಾಗಿಸಬೇಕು. ಈ ಸಂದುಗಳನ್ನು ಕೊನೆಗೆ ರಬ್ಬರಿನಂತಹ ಸೀಲಂಟಿನಿಂದ ತುಂಬಿಸದಿದ್ದರೆ ಗೆದ್ದಲು ಅಲ್ಲಿಂದಲೇ ಏಳುತ್ತದೆ.

ಬಾಗಿಲಿನ ಕಡೆಗೆ 100 ಸೆಂ.ಮೀ.ಗೆ 1 ಸೆಂ.ಮೀ. ಇಳಿಜಾರು ಕೊಟ್ಟು, ರಸಮಟ್ಟದಿಂದ ಪರೀಕ್ಷಿಸಿರಿ. ಮೇಲೆ ತೇಲಿದ ನೀರು ಮಾಯವಾಗುವವರೆಗೆ ಕರಣೆ ಆಡಿಸಬಾರದು. ಆ ನೀರನ್ನು ಹೀರಿಸಲು ಒಣ ಸಿಮೆಂಟು ಉದುರಿಸಿ ತಿಕ್ಕುವ ಪದ್ಧತಿ ಕೆಲವೆಡೆ ಇದೆ. ಆ ದಿನ ನೆಲ ಕನ್ನಡಿಯಂತೆ ಕಂಡರೂ, ವರ್ಷ ಕಳೆಯುವುದರೊಳಗೆ ಮೇಲ್ಪದರ ಹಪ್ಪಳದಂತೆ ಏಳುತ್ತದೆ. ಗ್ಯಾರೇಜಿಗೆ ನುಣುಪಿಗಿಂತ ಸ್ವಲ್ಪ ತರಿಯಾದ ಮೇಲ್ಮೈಯೇ ಒಳ್ಳೆಯದು. ಮಳೆಗಾಲದಲ್ಲಿ ಕಾಲು ಜಾರುವುದಿಲ್ಲ.

ನೀರುಣಿಸುವುದು

ಮರುದಿನ ನೆಲದ ಅಂಚಿಗೆ ಮಣ್ಣಿನ ಪುಟ್ಟ ಬದು ಕಟ್ಟಿ, ಗದ್ದೆಯಲ್ಲಿ ನಿಲ್ಲಿಸುವಂತೆ 2 ರಿಂದ 3 ಸೆಂ.ಮೀ. ನೀರು ನಿಲ್ಲಿಸಬೇಕು. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ. ಈಗ ಹೆಚ್ಚಾಗಿ ದೊರೆಯುವ, ಹಾರುಬೂದಿ ಸೇರಿದ ಪಿ.ಪಿ.ಸಿ. ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ. ದಿನಕ್ಕೆರಡು ಸಲ ನೀರು ಚಿಮುಕಿಸಿ ಒಣಗಲು ಬಿಡುವುದು ಇದಕ್ಕೆ ಸಮನಲ್ಲ. ಹೇರು ತುಂಬಿದ ವಾಹನವನ್ನು 28 ದಿನ ಕಳೆದ ನಂತರವೇ ತರಬೇಕು.

ಗಟ್ಟಿಯಾದ ನೆಲ ಒಣಗಿದ ನೆಲವಲ್ಲ ಎಂಬುದನ್ನು ನೆನಪಿಡಿ. 2.5 ಸೆಂ.ಮೀ. ದಪ್ಪಕ್ಕೆ ಒಂದು ತಿಂಗಳು ಎಂಬುದು ರೂಢಿಯ ಅಂದಾಜು. ಡಿಸೆಂಬರ್‌ನಲ್ಲಿ ಹಾಕಿದ 10 ಸೆಂ.ಮೀ. ನೆಲವು ಏಪ್ರಿಲ್ ಹೊತ್ತಿಗೆ ಅಡಿಕೆ ಗೋಣಿಗೆ ಸಿದ್ಧವಾಗುತ್ತದೆ. ಏಪ್ರಿಲ್‌ನಲ್ಲಿ ಹಾಕಿದ್ದು ಆ ಮಳೆಗಾಲಕ್ಕೆ ಸಿದ್ಧವಾಗದು.

ಹಳೆಯ ನೆಲ ತೇವವಾಗಿದ್ದರೆ

ಅಗೆಯುವ ಮೊದಲು ಪರೀಕ್ಷೆ ಮಾಡಿರಿ. ಅರ್ಧ ಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ನೆಲದಿಂದ ಬರುತ್ತಿದೆ. ಹಾಳೆಯ ಮೇಲೆ ಹನಿ ಕಂಡರೆ ಗಾಳಿಯಿಂದ. ಗಾಳಿಯದಾದರೆ, ಮಳೆ ಸುರಿಯುವ ಹೊತ್ತಿನಲ್ಲಿ ಬಾಗಿಲು ಮುಚ್ಚಿ, ಹೊಳವಾದಾಗ ತೆರೆದು ಫ್ಯಾನು ಹಾಕಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ನೆಲದಿಂದಾದರೆ ಮೊದಲು ಛಾವಣಿಯ ನೀರು ಮತ್ತು ಹಿಂಬದಿಯ ಬಸಿಗಾಲುವೆಯನ್ನು ಸರಿಪಡಿಸಿ, ಒಂದು ಮಳೆಗಾಲ ನೋಡಿರಿ. ಅನೇಕ ವೇಳೆ ನೆಲವನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ದಾಸ್ತಾನಿನಲ್ಲಿ ಎಚ್ಚರಿಕೆ

ನೆಲ ಎಷ್ಟೇ ಚೆನ್ನಾಗಿದ್ದರೂ ಗೋಣಿಗಳನ್ನು ಮರದ ಅಟ್ಟಣೆಯ ಮೇಲೆ, ಗೋಡೆಯಿಂದ ಅರ್ಧ ಮೀಟರ್ ದೂರದಲ್ಲಿಡಿ. ರಸಗೊಬ್ಬರವನ್ನು ಬರಿನೆಲದ ಮೇಲೆ ಇಡಬೇಡಿ. ಅಮೋನಿಯಂ ಸಲ್ಫೇಟಿನಂತಹ ಲವಣಗಳೂ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತೂ ಒದ್ದೆ ನೆಲಕ್ಕೆ ಬಿದ್ದಾಗ ಕಾಂಕ್ರೀಟನ್ನು ತಿನ್ನುತ್ತವೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡು ಕಬ್ಬಿಣವನ್ನು ತಿನ್ನುತ್ತದೆ. ಚೆಲ್ಲಿದ್ದನ್ನು ಒಣಗಿರುವಾಗಲೇ ಗುಡಿಸಿ ತೆಗೆಯಿರಿ. ಕೀಟನಾಶಕ, ಪೆಟ್ರೋಲುಗಳನ್ನು ಅಕ್ಕಿ, ಅಡಿಕೆಗಳ ಜೊತೆಗೆ ಎಂದಿಗೂ ಇಡಕೂಡದು. ಮುಚ್ಚಿದ ನೆಲಮಾಳಿಗೆಯಲ್ಲಿ ಕಾರಿನ ಅಥವಾ ಜನರೇಟರಿನ ಎಂಜಿನನ್ನು ಚಾಲೂ ಇಡಬೇಡಿ. ಅದರ ಹೊಗೆಯಲ್ಲಿರುವ ವಾಸನೆಯಿಲ್ಲದ ವಿಷಾನಿಲ ಪ್ರಾಣ ತೆಗೆಯಬಲ್ಲದು.

ಮೇಸ್ತ್ರಿಯವರೊಡನೆ ಮೊದಲೇ ಮಾತಾಡಬೇಕಾದುದು

1. ಹಿಂಬದಿಯ ನೀರು ಯಾವ ದಾರಿಯಿಂದ, ಎಲ್ಲಿಗೆ ಹೋಗುತ್ತದೆ?
2. ತುಂಬುವ ಮಣ್ಣು ಯಾವುದು? ಎಷ್ಟು ಪದರಗಳಲ್ಲಿ ದಮ್ಮಸ್ಸು?
3. ಜಲ್ಲಿಯ ಪದರ ಮತ್ತು ಪಾಲಿಥೀನ್ ಹಾಳೆ ಲೆಕ್ಕದಲ್ಲಿ ಸೇರಿವೆಯೇ?
4. ಹೊಯಿಗೆ ಎಲ್ಲಿಯದು?
5. ಚೀಲಕ್ಕೆ ಎಷ್ಟು ಲೀಟರ್ ನೀರು?
6. ಸಂದು ಎಲ್ಲೆಲ್ಲಿ? ಎಷ್ಟು ದಿನ ನೀರು ನಿಲ್ಲಿಸುವುದು, ಅದನ್ನು ನೋಡಿಕೊಳ್ಳುವವರು ಯಾರು?

ಇವುಗಳಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಸಿಮೆಂಟು ತರಿಸಬೇಡಿ. ಒಂದು ಮಳೆಗಾಲ ನಿವೇಶನವನ್ನು ಕಣ್ಣಾರೆ ನೋಡಿ, ಬಾವಿಯನ್ನು ಅಳೆದು, ನೀರು ಬರುವ ಮತ್ತು ಹೋಗುವ ದಾರಿಯನ್ನು ಗುರುತು ಹಾಕಿಕೊಳ್ಳಿ. ಆ ಒಂದು ವರ್ಷದ ಕಾಯುವಿಕೆಗೆ ತಗಲುವ ಖರ್ಚು ಏನೂ ಇಲ್ಲ. ಹಾಕಿದ ನೆಲವನ್ನು ಒಡೆದು ಮತ್ತೆ ಹಾಕುವುದಕ್ಕೆ ಎರಡು ನೆಲದ ಖರ್ಚು.